ಹುಮ್ಮದ್ ತಂದ ಆಡು

ಐದನೆಯ ತರಗತಿಯ ಧರ್ಮಗಳ ಭೂಪಟದಲ್ಲಿ
ನಮ್ಮ ತಿಗ್ರಾಯ್ ದಿಣ್ಣೆಗೆ ನೇರಳೆ,
ಕೆಳಗಿನ ಅಫಾರರ ಬಯಲಿಗೆ ಹಸಿರು.
ಹುಲ್ಲುಕಡ್ಡಿ ಹುಟ್ಟದ ನೆಲಕ್ಕೆ ಹಸಿರು!
ಮಕ್ಕಳು ನಾಲಗೆ ಕಚ್ಚಿಕೊಂಡು ಬಣ್ಣ ತುಂಬುತ್ತಾರೆ.
ನಾನು ಟೀಚರು. ಗೆರೆ ದಾಟಬೇಡಿ
ಎನ್ನುವುದಕ್ಕೇ ನನಗೆ ಸಂಬಳ.

ಅಪ್ಪ ಗೆಬ್ರೆಕಿದಾನ್
ಗೆರೆ ದಾಟಿಯೇ ನಮ್ಮನ್ನು ಸಾಕಿದ.
ಮೂರು ಒಂಟೆ, ಎರಡು ಕತ್ತೆ, ತೊಗಲಿನ ನೀರುಚೀಲ,
ಕೊರಳಲ್ಲಿ ದೀಕ್ಷೆಯ ಕರಿದಾರ.
ಅಗುಲದಿಂದ ಇಳಿಯುತ್ತ ದಿನಕ್ಕೊಂದು ಬಟ್ಟೆ ಕಳಚಬೇಕು,
ಬಾರ್ಲಿ ಮುಗಿದಲ್ಲಿ ಇಗರ್ಜಿಯ ಗಂಟೆ ಮುಗಿಯುತ್ತದೆ,
ಜಾಲಿಮುಳ್ಳು ಶುರುವಾದಲ್ಲಿ ಬಾಂಗು, ಎನ್ನುತ್ತಿದ್ದ.
ದೇವರೂ ಹವೆ ನೋಡಿ ಮನೆ ಕಟ್ಟಿದನೋ ಏನೋ.

ಕಡಲಿಗಿಂತ ತಗ್ಗಿನಲ್ಲಿ,
ಕಡಲು ಬಿಟ್ಟುಹೋದ ಬಿಳಿಯ ಹಾಸಿನ ಮೇಲೆ
ಅಪ್ಪ ಸನಿಕೆ ತೂರಿಸಿ ಚಪ್ಪಡಿ ಎಬ್ಬಿಸುತ್ತಿದ್ದ;
ಹುಮ್ಮದ್ ಕುಕ್ಕರಗಾಲಲ್ಲಿ ಕೂತು
ಬಾಚಿಯಿಂದ ಅದನ್ನು ಇಟ್ಟಿಗೆಯಾಗಿ ಕೆತ್ತುತ್ತಿದ್ದ.
ಎಬ್ಬಿಸುವವರು ಮೇಲಿನವರು, ಕೆತ್ತುವವರು ಕೆಳಗಿನವರು.
ಯಾರ ಅಜ್ಜ ಹಂಚಿದ್ದೋ ಈ ಕೆಲಸ.

ಅಪ್ಪನಿಗೆ ಬುಧವಾರ, ಶುಕ್ರವಾರ ಹಾಲಿಲ್ಲ.
ಒಂಟೆಯ ಹಾಲು ಯಾವ ವಾರವೂ ಇಲ್ಲ:
ಕುಡಿದವ ಕೆಟ್ಟ ಎಂದು ಅಜ್ಜಿ ಆಣೆ ಹಾಕಿಸಿದ್ದಳು.
ಹುಮ್ಮದನ ಕೂಸುಗಳಿಗೆ ಹಲ್ಲು ಬಂದದ್ದೇ ಆ ಹಾಲಿನಿಂದ.
ಒಂದು ವರ್ಷ ಅವನ ರಂಜಾನೂ ಇವನ ದೊಡ್ಡ ಉಪವಾಸವೂ
ಕೂಡಿ ಬಂದವಂತೆ.
ಇಬ್ಬರೂ ಒಣಗಿದ ಬಾಯಲ್ಲಿ
ಒಂದೇ ಚಪ್ಪಡಿಯ ಎರಡು ತುದಿ ಹಿಡಿದು ಎತ್ತಿ,
ಹೊತ್ತು ಮುಳುಗಿದ ಮೇಲೆ
ಕಾದ ಗುಂಡುಕಲ್ಲಿಗೆ ಹಿಟ್ಟು ಮೆತ್ತಿ ಸುಟ್ಟು, ಮುರಿದು ತಿಂದರೆ
ಸಪ್ಪೆ.
ಉಪ್ಪು ಹಾಕಲು ಮರೆತಿದ್ದರು,
ಉಪ್ಪಿನ ಮೇಲೆಯೇ ಕೂತು.

ನನ್ನ ಮದುವೆಗೆ ಹುಮ್ಮದ್ ಬೆಟ್ಟ ಹತ್ತಿ ಬಂದ,
ಜೀವನದಲ್ಲಿ ಒಮ್ಮೆ.
ಚಳಿಗೆ ಹಲ್ಲು ಕಟಕಟ, ಹೆಗಲ ಮೇಲೆ ಕಂದು ಆಡು.
ಬಂದವನೇ ಅವರ ರೂಢಿಯಂತೆ ಕೂತು ದಾಗು ಒಪ್ಪಿಸಿದ:
ಎಲ್ಲಿ ನೀರಿದೆ, ಯಾರ ಒಂಟೆ ಈಯಿತು, ಯಾರು ಸತ್ತರು.
ಕಂಡದ್ದನ್ನು ಮುಚ್ಚುವಂತಿಲ್ಲ, ಕಾಣದ್ದನ್ನು ಸೇರಿಸುವಂತಿಲ್ಲ.
ಆಮೇಲೆ ಆಡಿನ ಪ್ರಶ್ನೆ.
ನಮ್ಮ ಕೈ ಕೊಯ್ದರೆ ತಂದವನು ಉಣ್ಣುವಂತಿಲ್ಲ,
ಅವನ ಕೈ ಕೊಯ್ದರೆ ನಾವು.
ಜಗಲಿಯ ಕಲ್ಲಿನ ಮೇಲೆ ಎರಡು ಚೂರಿ,
ಮಸೆದದ್ದು, ಮಸೆದದ್ದೇ.
ಹಿರಿಯರು ಮೂರು ಸುತ್ತು ಕಾಫಿ ಮುಗಿಸಿದರು.
ಆಡು ಒಳಗೆ ನುಗ್ಗಿ, ಮದುವೆಗೆಂದು ನೆಲಕ್ಕೆ ಹಾಸಿದ್ದ
ಹಸಿಹುಲ್ಲನ್ನು ಅರ್ಧ ಮೇಯಿತು.

ಊರಿಗೆಲ್ಲ ಎತ್ತಿನ ಮಾಂಸ ಬೆಂದಿತ್ತು.
ಅಪ್ಪ, ಮದುಮಗಳ ಅಪ್ಪ, ಮೂಲೆಯಲ್ಲಿ
ಹುಮ್ಮದನೊಡನೆ ಒಂದೇ ಇಂಜೆರಾದ ಎರಡು ಬದಿಯಿಂದ
ಬೇಳೆ ಮೆಲ್ಲುತ್ತಿದ್ದ.
ಚಿಕ್ಕಮ್ಮ ವರ್ಷಗಟ್ಟಲೆ ಆಡಿಕೊಂಡಳು.

ಆಡು ಏಳು ವರ್ಷ ಬದುಕಿತು,
ಯಾವ ಮಂತ್ರಕ್ಕೂ ಸಿಗದೆ, ಮುದಿಯಾಗಿ,
ಅಂಗಳದ ಉಪ್ಪಿನ ಇಟ್ಟಿಗೆಯನ್ನು ನೆಕ್ಕಿ ನೆಕ್ಕಿ
ನಡುವೆ ಗುಳಿ ಮಾಡಿ.

ಆಮೇಲೆ ಡಾಂಬರು ಬಂತು, ಲಾರಿ ಬಂತು.
ಹುಮ್ಮದ್ ತೀರಿದ ಸುದ್ದಿ ಮೂರು ಬಾಯಿ ದಾಟಿ ಬಂತು,
ಒಂದಕ್ಷರ ಕೆಡದೆ.
ಅದರಾಚೆಯ ಕೆಟ್ಟ ವರ್ಷಗಳಲ್ಲಿ ಆ ದಾರಿ ಇಳಿದವರು
ಉಪ್ಪಿಗೆಂದು ಇಳಿಯಲಿಲ್ಲ, ಹತ್ತಿದವರು ಮದುವೆಗೆ ಹತ್ತಲಿಲ್ಲ.
ಅವನ ಮೊಮ್ಮಗ, ನನ್ನ ತಮ್ಮ:
ಯಾರು ಯಾವ ಬಂಡೆಯ ಹಿಂದಿದ್ದರು
ಎಂಬ ದಾಗುವನ್ನು ಮಾತ್ರ
ಈವರೆಗೆ ಯಾರೂ ಕೂತು ಹೇಳಿಲ್ಲ.

ಇವತ್ತು ಮೆರ್ಹಾವಿಯ ಪಟದಲ್ಲಿ
ನೇರಳೆ ಹಸಿರಿಗೆ ಇಳಿದು
ಗೆರೆಯುದ್ದಕ್ಕೂ ಕಂದು ಕಲೆ.
ಕೈ ಒದ್ದೆಯಿತ್ತು ಟೀಚರ್, ಎಂದ.
ಒಂದಂಕ ಕಳೆದೆ. ನಿಯಮ.
ಮನೆಗೆ ಬಂದು
ಬೇಳೆಗೆ ಎರಡು ಸಲ ಉಪ್ಪು ಹಾಕಿದೆ.