ನಾಲ್ಕು ಬೋಲ್ಟು

ಈ ಊರಿನ ಹೆಸರು ಸೂರ್.
ಬಂದ ಹೊಸತರಲ್ಲಿ ಮನೆಗೆ ಫೋನು ಮಾಡಿ
ಸೂರು ಸಿಕ್ಕಿತು ಅಂದಿದ್ದೆ.
ತಗಡಿನ ರೂಮು, ಆರು ಮಂಚ,
ಒಂದರ ತಲೆ ಮೇಲೊಂದು.

ನನ್ನ ಕೆಳಗಿನ ಮಂಚ ಜುಜೆಯದು.
ಜುಜೆ ಇನಾಸ್ ಸಿದ್ದಿ, ಹಳಿಯಾಳದ ಕಡೆಯವನು.
ಏಣಿ ಹಿಡಿಯುವುದು ನಾನು, ಹತ್ತುವುದು ಅವನು.
ಪುರಸಭೆಯ ಗುತ್ತಿಗೆ:
ಬೋರ್ಡು ಕಳಚು, ಬೋರ್ಡು ಹಾಕು.

ಇವತ್ತಿನ ಕಾಗದದಲ್ಲಿ ಒಂದೇ ಓಣಿ.
ಖೋರಿನ ಆಚೆ, ಹಡಗುಕಟ್ಟೆಯ ಬೆನ್ನಿಗೆ.
ಹಳೆಯ ಹೆಸರು ಓದಲು ಇಂಜಿನಿಯರಿಗೇ ನಾಚಿಕೆ,
ಬೆರಳಿಟ್ಟು ತೋರಿಸಿದ.
ಟ್ಯಾಕ್ಸಿಯವರಿಗೆ ನಾಚಿಕೆಯಿಲ್ಲ, ಕೋಳಿ ಅಂಗಡಿಯವನಿಗಿಲ್ಲ:
"ಗುಲಾಮರ ಓಣಿಯಾ? ಎಡಕ್ಕೆ ಮೂರನೆಯದು."
ಅಜ್ಜನನ್ನು ಮಾರಿದ ಮಾತು
ಮೊಮ್ಮಗಳ ವಿಳಾಸದಲ್ಲಿ ಕೂತಿತ್ತು.

ನಸ್ರಾ ಎಂಬ ಹುಡುಗಿ ಅರ್ಜಿ ಕೊಟ್ಟಳಂತೆ,
ಆ ವಿಳಾಸ ಬರೆದ ಕಡೆಯೆಲ್ಲ
ಕೆಲಸ ಖಾಲಿಯಿಲ್ಲ ಅನ್ನುತ್ತಾರೆ ಎಂದು.
ಎರಡು ವರ್ಷ ಸಭೆ ಕೂತಿತು. ಎದ್ದಿತು.
ಮಂಜೂರಾದದ್ದು: ಹೊಸದೊಂದು ಹೆಸರು,
ಹನ್ನೊಂದು ಬೀದಿದೀಪ,
ಮಂಗಳವಾರಕ್ಕೊಮ್ಮೆ ರಕ್ತ ಪರೀಕ್ಷೆಯ ವ್ಯಾನು,
"ಮೈಬಣ್ಣ ಹಿಡಿದು ಬೈದರೆ ಇಲ್ಲಿ ತಿಳಿಸಿ" ಅಂತ
ಕಚೇರಿಯಲ್ಲೊಂದು ಕೌಂಟರು.
ಅದರ ಕುರ್ಚಿ ಇನ್ನೂ ಬಂದಿಲ್ಲ.

ಹವಳದ ಕಲ್ಲಿನ ಗೋಡೆ. ಡ್ರಿಲ್ಲು ಇಟ್ಟರೆ
ಬಿಳಿ ಪುಡಿ ಜುಜೆಯ ಹುಬ್ಬಿನ ಮೇಲೆ.
ಹಳೇ ಬೋಲ್ಟು ತುಕ್ಕು ಹಿಡಿದು ಬರಲೊಲ್ಲದು,
ಎಣ್ಣೆ ಬಿಟ್ಟು, ಕಾದು, ಬೈದು, ತಿರುವಿ,
ಕೊನೆಗೆ ಗೋಡೆಯ ಒಂದು ಹಿಡಿ ಚೂರನ್ನೂ ಕಿತ್ತುಕೊಂಡೇ ಬಂತು.
ಹೊಸದು: "ಹಾಯಿ ಹೊಲಿದವರ ಓಣಿ".
ನೀಲಿಯ ಮೇಲೆ ಬಿಳಿ.

ಮುಜ್ನಾ ಅಜ್ಜಿ ಬಾಗಿಲಿಗೆ ಬಂದಳು,
ಕತ್ತೆತ್ತಿ ನೋಡಿ, ಸ್ವಲ್ಪ ಮೇಲಾಯಿತು ಅಂದಳು.
ಆಮೇಲೆ ಒಳಗಿಂದ ನೀರಿನ ಬಿಲ್ಲು ತಂದಳು.
ಇದರಲ್ಲಿ ಹಳೇ ಹೆಸರೇ ಇದೆಯಲ್ಲ?
ಕಂಪ್ಯೂಟರು, ಅಂದ ಇಂಜಿನಿಯರು. ಮುಂದಿನ ತಿಂಗಳು.
ಹಾಗಾದರೆ ಹಣವೂ ಮುಂದಿನ ತಿಂಗಳು,
ಅಂತ ಬಿಲ್ಲನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಕಾಫಿ ಕೊಡುವಾಗ ಜುಜೆಯನ್ನು ಕಂಡು
ಸ್ವಾಹಿಲಿಯಲ್ಲಿ ಏನೋ ಕೇಳಿದಳು.
ಇವನು ನನ್ನ ಮುಖ ನೋಡಿದ.
ಅರಬಿಯಲ್ಲಿ ಕೇಳಿದಳು: ಯಾವ ಹಡಗು ನಿನ್ನದು?
ವಿಮಾನದಲ್ಲಿ ಬಂದೆ ಅನ್ನು ಅಂದ. ಅಂದೆ.
ಅದಲ್ಲ ಮಗನೇ. ನಿನ್ನಜ್ಜನ ಅಜ್ಜನದು.

ಜುಜೆ ಲೋಟದೊಳಗೆ ನೋಡಿದ.
ಗೊತ್ತಿಲ್ಲ, ಅಂದ, ಕನ್ನಡದಲ್ಲೇ.
ಅದನ್ನು ನಾನು ಅರಬಿ ಮಾಡಬೇಕಾಗಲಿಲ್ಲ.
ಅಜ್ಜಿ ಇನ್ನೆರಡು ಖರ್ಜೂರ ಅವನ ಅಂಗೈಗಿಟ್ಟು
ಬೆರಳುಗಳನ್ನು ತಾನೇ ಮುಚ್ಚಿದಳು.

ವಾಪಸು ಬರುವಾಗ ಪಿಕಪ್ಪಿನ ಹಿಂದೆ
ಹಳೇ ಬೋರ್ಡು ನಮ್ಮ ಕಾಲಬುಡದಲ್ಲಿ ಮಕಾಡೆ.
ಉಬ್ಬು ಬಂದಾಗಲೆಲ್ಲ ಸದ್ದು ಮಾಡುತ್ತಿತ್ತು.
ಜುಜೆ ಅದರ ಮೇಲೆ ಕಾಲಿಡಲಿಲ್ಲ.
ನಾನು ಇಟ್ಟಿದ್ದೆ, ಆಮೇಲೆ ತೆಗೆದೆ.

ರಾತ್ರಿ. ನನ್ನ ಫೋನಿನಲ್ಲಿ ಆರು ವರ್ಷದಿಂದ
ಅವನ ಹೆಸರು "ಕರಿಯ ಏಣಿ".
ಸಲಿಗೆ ಅದು, ಅಂತ ಎಷ್ಟು ಸಲ ವಾದಿಸಿಲ್ಲ ನಾನು.
ನಮ್ಮ ಕೇರಿಯಲ್ಲೂ ಕರಿಯ ಇದ್ದ, ಕರಿಯಮ್ಮ ಇದ್ದಳು,
ದೇವರಿಗೇ ಇರುವ ಹೆಸರು, ಅಂತ.
ಅವನು ನಗುತ್ತಿದ್ದ. ನಕ್ಕದ್ದನ್ನೇ ಸಹಿ ಅಂದುಕೊಂಡಿದ್ದೆ.

ಮೂರು ಅಕ್ಷರ ಅಳಿಸಿದೆ.
"ಏಣಿ" ಅಂತಷ್ಟೇ ಉಳಿಯಿತು.
ಅದೂ ಅವನಲ್ಲ.
ಅಳಿಸಿ ಜುಜೆ ಅಂತ ಹೊಡೆದೆ,
ದೀರ್ಘವೋ ಹ್ರಸ್ವವೋ ತಿಳಿಯದೆ
ಬಗ್ಗಿ ಕೆಳಗಿನ ಮಂಚ ನೋಡಿದೆ.
ಗೋಡೆ ಕಡೆ ತಿರುಗಿ ಮಲಗಿದ್ದ.
ಹುಬ್ಬಿನಲ್ಲಿ ಬಿಳಿ ಪುಡಿ ಇನ್ನೂ ಇತ್ತೋ ಏನೋ.

ಬೋಲ್ಟು ನಾಲ್ಕು. ಅಷ್ಟು ಪುರಸಭೆ ಕೊಡುತ್ತದೆ.
ನಾಲಿಗೆಗೆ ಯಾವ ಪುರಸಭೆ?

ಬೆಳಿಗ್ಗೆ ಅಡಿಗೆಕೋಣೆಯಿಂದ ಯಾರೋ ಕೂಗಿದರು,
"ಏ ಕರಿಯಾ, ಚಾ ಆರ್ತದೆ!"
ಜುಜೆ ಹೋದ, ದಿನದ ಹಾಗೇ.
ನಾನು ಹೇಳಬೇಕೆಂದು ಬಾಯಿ ತೆರೆದೆ.
ಬಾಯಲ್ಲಿ ಬ್ರಶ್ಶಿತ್ತು.