ಇಪ್ಪತ್ತೈದು ಮನೆ

ಮಾಲ್ದಾರೆಯ ಕಾಫಿ ಕಣದ ಸಿಮೆಂಟಿನ ಮೇಲೆ
ಇದ್ದಿಲಿನಲ್ಲಿ ಚೌಕಾಬಾರ ಬರೆದೆ.
ಐದೈದಲೆ ಇಪ್ಪತ್ತೈದು ಮನೆ;
ಊರಿನ ಲೆಕ್ಕವೂ ಅಷ್ಟೇ.

ಆನೆ ದಾಟುವಲ್ಲಿ ಬೇಲಿ ಬೇಕೆನ್ನುವವರಿಗೆ ಕರಿಮೆಣಸು,
ದಾರಿ ಬಿಡಿ ಎನ್ನುವವರಿಗೆ ಕಾಫಿ ಬೀಜ.
ಹದಿನೈದು, ಹತ್ತು.
ನಾಳೆ ಸಭೆ.

ನಿಯಮ ಬಲು ಸಣ್ಣದು:
ಕವಡೆ ಒಂದು ಮನೆಯನ್ನು ಆರಿಸುತ್ತದೆ,
ಆ ಮನೆ ಕಣ್ಣು ಮುಚ್ಚಿ ಯಾವುದೋ ನೆರೆಮನೆಯನ್ನು ಮುಟ್ಟಿ
ಅದರ ಮಾತನ್ನೇ ತನ್ನದು ಅಂದುಕೊಳ್ಳುತ್ತದೆ.
ವಾದವಿಲ್ಲ. ‘ಯಾಕೆ’ ಅನ್ನುವುದಕ್ಕೆ
ಈ ಸಮೀಕರಣದಲ್ಲಿ ಅಕ್ಷರವೇ ಇಲ್ಲ.

“ಇದಕ್ಕಾ ನಿಂಗೆ ಕಾಲೇಜಲ್ಲಿ ಸಂಬಳ?”
ಎಂದಳು ದೇಚಮ್ಮ ಮಾವಿ,
ಕವಡೆ ಮಾತ್ರ ಕೈಬಿಡಲಿಲ್ಲ.

ಪೂಣಚ್ಚ ಮಮ್ಮುವನ್ನು ನೋಡಿ ಕಾಫಿಯಾದ.
ಮಮ್ಮು ಬೆಳ್ಯಪ್ಪನನ್ನು ನೋಡಿ ಮೆಣಸಾದ.
ಪೂಣಚ್ಚ ಮತ್ತೆ ಮಮ್ಮುವನ್ನು ನೋಡಿದ.
ಗಡಿ ನಿಲ್ಲಲಿಲ್ಲ, ನೆನೆದ ಬದುವಿನ ಹಾಗೆ
ಇಲ್ಲಿ ಕರಗಿತು, ಅಲ್ಲಿ ಎದ್ದಿತು,
ದೀಪ ಹಚ್ಚುವ ಹೊತ್ತಿಗೆ ಬರೀ ಮೆಣಸು.

ಕಂಪ್ಯೂಟರಿನಲ್ಲೂ ಹೀಗೇ. ಸಾವಿರ ಸಲ ಓಡಿಸಿದರೆ
ಆರುನೂರರ ಆಸುಪಾಸು ಬೇಲಿ, ಉಳಿದದ್ದು ದಾರಿ,
ಒಡಕು ಒಂದು ಸಲವೂ ಉಳಿಯಲಿಲ್ಲ.
ಒಮ್ಮತ ಅನ್ನುವುದು ಸತ್ಯದ ಗುರುತಲ್ಲ ಮಾವಿ,
ಸಾಕಷ್ಟು ಹೊತ್ತು ಕೂತದ್ದರ ಗುರುತು.

“ಹಾಗಾದರೆ ನನ್ನನ್ನು ಕಟ್ಟೆಯಲ್ಲಿಡು,”
ಎಂದು ಗೀಟು ಹೊಡೆದ ಮನೆಯಲ್ಲಿ
ತನ್ನ ಕಾಫಿ ಬೀಜ ಒತ್ತಿ ಕೂರಿಸಿದಳು:
ಕಡಿಯುವಂತಿಲ್ಲ, ಕದಲಿಸುವಂತಿಲ್ಲ.
ಸಾರು ಆರಿ ತಣ್ಣಗಾಗುವಷ್ಟರಲ್ಲಿ
ಒಂದು ಹಠದ ಬೀಜಕ್ಕೆ ಇಡೀ ಊರು ಕಾಫಿಯಾಯಿತು.
ಎದುರು ಕಟ್ಟೆಗೆ ಹಠದ ಮೆಣಸೊಂದನ್ನು ಇಟ್ಟೆ.
ಅದು ಮುಗಿಯುವ ಆಟವಲ್ಲ;
ಹಾಗೇ ಬಿಟ್ಟು ಮಲಗಿದೆವು.

ಸಭೆಯಲ್ಲಿ ಮಾವಿ ಕದಲಲಿಲ್ಲ, ಬೆಳ್ಯಪ್ಪನೂ.
ನಡುವಿನವರು ಅತ್ತ ಹೊರಳಿ ಇತ್ತ ಹೊರಳಿ
ಮೂರು ಸುತ್ತು ಕಾಫಿ ಮುಗಿಸಿದರು.
ಲೋಟ ಒಯ್ಯಲು ಬಂದ ಎರವರ ಮುತ್ತೆ
ಬಾಗಿಲಲ್ಲೇ ನಿಂತು ಅಂದಳು:
“ಅದು ಈಗ ಅಲ್ಲಿ ದಾಟೋದೇ ಇಲ್ಲ.
ಕಾಫಿ ಹೂ ಬಿಟ್ಟಾಗಿಂದ
ನಮ್ಮ ಲೈನಿನ ಹಿಂದೆ ದಾಟ್ತದೆ.”

ಇಪ್ಪತ್ತೈದು ತಲೆ ಒಟ್ಟಿಗೆ ತಿರುಗಿದವು.
ಅಷ್ಟು ಒಮ್ಮತ ನಾನು ಕಂಡದ್ದು ಅದೊಂದೇ ಸಲ.

ಸಭೆ ಮುಂದಿನ ಗುರುವಾರಕ್ಕೆ.

ಲೈನಿನ ಆರು ಬಾಗಿಲು ಸೇರಿಸಿದರೆ ಮೂವತ್ತೊಂದು.
ಮೂವತ್ತೊಂದಕ್ಕೆ ಚೌಕ ಬರೆಯುವುದು ಹೇಗೆ?
ಇದ್ದಿಲು ಹಿಡಿದು ಕಣದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೇನೆ,
ಗೆರೆಯ ಹೊರಗೆ.
ಮಾವಿ ಒಳಗಿಂದ ಕೂಗುತ್ತಾಳೆ:
“ಆ ಮೆಣಸು ಎಣಿಸಿ ಚೀಲಕ್ಕೆ ಹಾಕು,
ಕೋಳಿ ಬಿಟ್ಟಿದ್ದೇನೆ.”