ಎಡಮಗ್ಗುಲಿಗೆ ಮಲಗಿದ ಹಡಗು

ಮೊದಲು ಮುಖವಾಡದ ಗಾಜಿಗೆ ಉಗುಳು.
ನಾಚಬೇಡ, ಎಲ್ಲರೂ ಉಗುಳುತ್ತಾರೆ,
ಹೋದ ವಾರ ಒಬ್ಬ ನ್ಯಾಯಾಧೀಶರೂ ಉಗುಳಿದರು.
ಉಜ್ಜು, ತೊಳೆ, ಹಾಕಿಕೋ.
ನನ್ನ ಹೆಸರು ಲೈಸಾವಿ. ನೀರೊಳಗೆ ಹೆಸರಿಲ್ಲ,
ಹಳದಿ ರೆಕ್ಕೆಗಾಲು ನೋಡಿಕೊಂಡು ಬಾ.

ಸಾಂಟೊ ದ್ವೀಪದ ಈ ದಡದಲ್ಲಿ ದೋಣಿ ಬೇಡ,
ನಡೆದೇ ಹೋಗಬಹುದು ಹಡಗಿಗೆ.
ಮೊಣಕಾಲು, ಸೊಂಟ, ಕೊರಳು, ಆಮೇಲೆ
ಹಗ್ಗ.

ಇಳಿಯುವಾಗ ಬಣ್ಣಗಳು ಒಂದೊಂದಾಗಿ ಕೈಬಿಡುತ್ತವೆ.
ಮೊದಲು ಕೆಂಪು.
ಇಪ್ಪತ್ತೈದು ಮೀಟರಿನಲ್ಲಿ ಒಮ್ಮೆ ತುಕ್ಕು ತಗುಲಿ
ನನ್ನ ಹೆಬ್ಬೆರಳು ಸೀಳಿತು,
ಹಸಿರು ರಕ್ತ ಹೊಗೆಯಂತೆ ಎದ್ದು ಹೋಯಿತು,
ಮರದ್ದೋ ನನ್ನದೋ ಎಂದು ನೋಡುತ್ತ ನಿಂತೆ.

ಇನ್ನೂರು ಮೀಟರು ಉದ್ದ. ಎಡಮಗ್ಗುಲಿಗೆ ಮಲಗಿದೆ
ತುಂಬು ಬಸುರಿ ಮಲಗುವ ಹಾಗೆ.
ಗೋಡೆಯೇ ನೆಲ, ನೆಲವೇ ಗೋಡೆ,
ಬಾಗಿಲುಗಳೆಲ್ಲ ಬಾವಿ.
ಕ್ಷೌರದ ಕುರ್ಚಿ ಅಡ್ಡಡ್ಡ ಬೋಲ್ಟು ಬಿಗಿಸಿಕೊಂಡು ಕಾದಿದೆ,
ಯಾರೇ ಬಂದರೂ ಕುತ್ತಿಗೆ ವಾಲಿಸಿಯೇ ಕೂರಬೇಕು.
ಆಮೇಲೆ ಪಾಯಖಾನೆಗಳು, ಸಾಲಾಗಿ, ಗೋಡೆಯ ಮೇಲೆ.
ಅಲ್ಲಿ ನಗಬೇಡ. ನಕ್ಕರೆ ಮುಖವಾಡಕ್ಕೆ ನೀರು ನುಗ್ಗುತ್ತದೆ.

ನಲವತ್ತು ದಾಟಿದರೆ, ನಮ್ಮ ಕಾವಾ ಬೇರಿನ ರಸ
ಎರಡು ಚಿಪ್ಪು ಕುಡಿದ ಹಾಗೆ,
ಎಲ್ಲವೂ ಸರಿ ಅನ್ನಿಸುತ್ತದೆ.
ಹಾಗನ್ನಿಸಿತೋ, ಕೈಯಾಡಿಸು, ಮೇಲೆ ಕರೆದೊಯ್ಯುತ್ತೇನೆ.
ಯಾವುದೋ ಬ್ಯಾಂಕಿನ ಯಜಮಾನ, ಅಲ್ಲೇ,
ಕೈಗಡಿಯಾರ ಬಿಚ್ಚಿ ಒಂದು ದಪ್ಪ ಮೀನಿಗೆ ನೀಡುತ್ತಿದ್ದ,
ಪಾಪ, ಅದಕ್ಕೆ ಹೊತ್ತಾಗುತ್ತಿತ್ತಂತೆ.

ಅಜ್ಜಿಗಾಗ ಒಂಬತ್ತು ವರ್ಷ.
ತಮ್ಮವರೇ ನೀರಲ್ಲಿ ಹುಗಿದ ಸಿಡಿಗುಂಡಿಗೆ ತಾಗಿ
ಹಡಗು, ಉಂಡವನು ಒರಗುವ ಹಾಗೆ, ನಿಧಾನಕ್ಕೆ ವಾಲಿತಂತೆ.
ಸಾವಿರಾರು ಜನ ಹಗ್ಗ ಇಳಿದು, ಎಣ್ಣೆಯಲ್ಲಿ ಈಜಿ
ಇದೇ ದಡ ಹತ್ತಿದರಂತೆ,
ಹಲ್ಲು, ಕಣ್ಣು ಬಿಟ್ಟರೆ ಮೈಯೆಲ್ಲ ಕಪ್ಪು.
"ಎಲ್ಲ ನಮ್ಮವರೇ ಅಂದುಕೊಂಡೆ," ಅನ್ನುತ್ತಾಳೆ,
"ಯಾವ ದ್ವೀಪದವರೋ, ಮಾತು ಮಾತ್ರ ಬೇರೆ."
ಎಳನೀರು ಕೆತ್ತಿ ಕೊಟ್ಟಳು.
ಒಬ್ಬ ಅವಳ ತಲೆ ಸವರಿ ಅತ್ತ,
ಕೂದಲ ತುಂಬ ಎಣ್ಣೆ.

ಸಂಜೆ ಸೀಮೆಎಣ್ಣೆ ಬಂತು, ಚಿಂದಿಬಟ್ಟೆ ಬಂತು.
ಉಜ್ಜಿಕೊಂಡರು.
ಉಜ್ಜಿ ಬೆಳ್ಳಗಾದವರಿಗೆ ಒಂದು ಡೇರೆ,
ಎಷ್ಟು ಉಜ್ಜಿದರೂ ಕಪ್ಪಾಗೇ ಉಳಿದವರಿಗೆ
ಇನ್ನೊಂದು, ತೆಂಗಿನ ಸಾಲಿನಾಚೆ.
ತಲೆ ಸವರಿದವನು ಯಾವ ಡೇರೆಗೆ ಹೋದನೋ
ಅಜ್ಜಿಗೆ ಇವತ್ತಿಗೂ ಗೊತ್ತಿಲ್ಲ.

ಅವಳು ಒಮ್ಮೆಯೂ ನೀರೊಳಗೆ ಮುಖವಿಟ್ಟವಳಲ್ಲ.
ನಾನು ಒದ್ದೆ ಕೂದಲಲ್ಲಿ ಮನೆಗೆ ಬಂದರೆ
ಒಲೆಯ ಮುಂದಿನಿಂದ ಒಂದೇ ಪ್ರಶ್ನೆ:
ಇವತ್ತು ಏನು ಬಿತ್ತು?
ಹೇಳುತ್ತೇನೆ. ಊಟದ ಕೋಣೆಯ ತೊಲೆ ಬಿತ್ತು.
ಭೂಮಿ ನಡುಗಿದ ತಿಂಗಳು ಮೂರನೇ ಅಟ್ಟ ಕುಸಿದು
ನಾನು ಕಣ್ಣುಮುಚ್ಚಿ ಹೋಗುತ್ತಿದ್ದ ದಾರಿಯೇ ಇಲ್ಲವಾಯಿತು.
ಕುರ್ಚಿ? ಇದೆ.
ಲಾರಿಗಳು? ಇವೆ, ರಬ್ಬರು ಇನ್ನೂ ರಬ್ಬರೇ.
"ಹಾಗಾದರೆ ಪೂರಾ ಸತ್ತಿಲ್ಲ" ಎಂದು
ಗೆಣಸು ಮಗುಚುತ್ತಾಳೆ.

ಆಯಿತು, ಬಾ. ಏನನ್ನೂ ಜೇಬಿಗೆ ಹಾಕಬೇಡ,
ಚಮಚವನ್ನೂ.
ವಾಪಸು ಬರುವಾಗ ಐದು ಮೀಟರಿನಲ್ಲಿ
ಇಪ್ಪತ್ತೆರಡು ನಿಮಿಷ ಸುಮ್ಮನೆ ತೂಗಬೇಕು.
ರಕ್ತಕ್ಕಿಳಿದ ಗಾಳಿ ಅವಸರ ತಾಳುವುದಿಲ್ಲ.
ಅಲ್ಲೊಂದು ಹವಳದ ಬಂಡೆ, ಅದರ ಸಂದಿಯಲ್ಲಿ
ಹೆಬ್ಬೆರಳುದ್ದದ ಮೀನು; ದಿನಾ ನನ್ನ ಉಗುರು ಕಚ್ಚಿ ಓಡಿಸುತ್ತದೆ,
ಹದಿನಾಲ್ಕು ವರ್ಷದ ಪರಿಚಯಕ್ಕೆ ಮೂರು ಕಾಸಿನ ಬೆಲೆಯಿಲ್ಲ,
ಅಥವಾ ಇದು ಅದರ ಮೊಮ್ಮಗನೋ ಏನೋ.
ಕೆಂಪು ಮರಳಿ ಬರುವುದು ಅಲ್ಲೇ. ನಿನ್ನ ಕೈ ನೋಡಿಕೋ.

ದಡದಲ್ಲಿ ಎಳನೀರಿಟ್ಟುಕೊಂಡು ಅಜ್ಜಿ ಕೂತಿರುತ್ತಾಳೆ.
ಈಗ ಕಣ್ಣು ಕಾಣದು.
ನೀರಿಂದ ಎದ್ದವರ ಕೂದಲು ಮುಟ್ಟಿ
ಬೆರಳು ಮೂಸುತ್ತಾಳೆ,
ಎಣ್ಣೆ ಇದೆಯೇ ಅಂತ.
ತಲೆ ತುಸು ಬಗ್ಗಿಸು, ಅಷ್ಟೆ.

ಗಾಳಿ ತೆರೆದಿದೆಯಾ? ನಡೆ.